ಲೈನ್ ಕ್ಲಿಯರ್ ಸಿಕ್ಕಿತೇ? ‘ಸರ್ವರ್ ಇಲ್ರಿ’ ಅನ್ನುವ ಮಾತಿನ ಹಿಂದಿನ ಚರಿತ್ರೆ

ಮುಂಗಾರಿನ ಒಂದು ದಿನ ಮೇಲವಂಕಿ ಕಡೆಯ ಒಂದು ಸೇವಾ ಕೇಂದ್ರದ ಬಾಗಿಲಲ್ಲಿ ಕುಳಿತಿದ್ದೆ. ಯಾವ ಕೇಂದ್ರ ಅನ್ನುವುದು ಬೇಡ, ಅಲ್ಲಿನ ಹುಡುಗನ ತಪ್ಪೇನೂ ಇರಲಿಲ್ಲ. ಒಳಗೆ ಹತ್ತು ಹನ್ನೆರಡು ಮಂದಿ. ಅವರಲ್ಲಿ ವಯಸ್ಸಾದ ಒಬ್ಬ ಹೆಣ್ಣುಮಗಳು ಕಳೆ ತೆಗೆಯುವ ಕೂಲಿ ಬಿಟ್ಟು ಬಂದಿದ್ದರು. ಅರ್ಜಿ ಹಾಕಲು ಎರಡೇ ದಿನ ಉಳಿದಿದ್ದವು.

‘ಸರ್ವರ್ ಇಲ್ರಿ ಯವ್ವಾ, ನಾಳಿ ಬರ್ರಿ’ ಅಂದ ಹುಡುಗ.

‘ನಿನ್ನೀನೂ ಹಂಗ ಅಂದ್ಯೆಲ್ಲೋ ತಮ್ಮಾ. ಕಂಪ್ಯೂಟರ್ ಚಾಲೂ ಐತಿ, ಲೈಟ್ ಐತಿ, ಫ್ಯಾನ್ ತಿರಗಾಕತ್ತೇತಿ. ಮತ್ತ ಇಲ್ಲದ್ದು ಯಾವುದು?’

ಹುಡುಗ ನಕ್ಕ. ಕುಳಿತವರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಯಾಕಂದರೆ ಅದೇ ವಾರ ನಾನೊಂದು ಸುದ್ದಿ ಕಳಿಸಿದ್ದೆ: ‘ಸರ್ವರ್ ಡೌನ್, ಸಾರ್ವಜನಿಕರ ಪರದಾಟ’. ಒಂದು ಫೋಟೊ, ಎಂಟು ಸಾಲು. ಇಂಥ ಸುದ್ದಿ ನಾನು ವರ್ಷಕ್ಕೆ ನಾಲ್ಕೈದು ಬರೆಯುತ್ತೇನೆ. ಆ ಎಂಟು ಸಾಲಿನಲ್ಲಿ ಎಲ್ಲಿಯೂ ನಾನು ಈ ಪ್ರಶ್ನೆ ಕೇಳಿರಲಿಲ್ಲ. ಇಲ್ಲದ್ದು ಯಾವುದು?

ನಮ್ಮ ಕಡೆ ‘ನೀರು ಬಂತೇನು’, ‘ಕರೆಂಟ್ ಬಂತೇನು’ ಅಂದ ಹಾಗೆಯೇ ‘ಸರ್ವರ್ ಬಂತೇನು’ ಅನ್ನುತ್ತೇವೆ. ಬರುವುದು ಹೋಗುವುದು ಅದರ ಮರ್ಜಿ ಎಂಬಂತೆ. ನಿಜವಾಗಿ ಅದು ಎಲ್ಲಿಗೂ ಹೋಗಿ ಬರುವುದಿಲ್ಲ. ಎಲ್ಲೋ ಒಂದು ತಂಪು ಕೋಣೆಯಲ್ಲಿ, ಕಬ್ಬಿಣದ ಕಪಾಟಿನಲ್ಲಿ ಕುಳಿತಿರುತ್ತದೆ. ಅದು ಕೆಲಸ ಹೊರಲು ತಯಾರಿದೆಯೋ ಇಲ್ಲವೋ ಎಂದು ಕೆಲವು ಸೆಕೆಂಡಿಗೊಮ್ಮೆ ಇನ್ನೊಂದು ಯಂತ್ರ ಕೇಳುತ್ತಲೇ ಇರುತ್ತದೆ. ಹೀಗೆ ಕೇಳುವ ಪದ್ಧತಿಗೆ ಒಂದು ಚರಿತ್ರೆ ಇದೆ. ಅದು ಕಂಪ್ಯೂಟರಿನಿಂದ ಶುರುವಾಗುವುದಿಲ್ಲ. ನಮ್ಮ ಘಟಪ್ರಭಾ ಸ್ಟೇಷನ್ನಿನಲ್ಲಿ ನಿಂತರೂ ಅದರ ಬುಡ ಕಾಣುತ್ತದೆ.

ಬೆಳಗಾವಿಯಿಂದ ಮೀರಜ್‌ಗೆ ಹೋಗುವ ರೈಲುಮಾರ್ಗ 1880ರ ದಶಕದ್ದು. ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ್ದು, ಆಗ ಮೀಟರ್ ಗೇಜ್, ಒಂಟಿ ಹಳಿ. ಒಂಟಿ ಹಳಿಯ ಮೇಲೆ ಎರಡು ಕಡೆಯಿಂದ ಗಾಡಿ ಬಿಡುವುದೆಂದರೆ ಪ್ರಾಣದ ಪ್ರಶ್ನೆ. ಅದಕ್ಕೇ ‘ಲೈನ್ ಕ್ಲಿಯರ್’ ಎಂಬ ಪದ್ಧತಿ. ಈ ಸ್ಟೇಷನ್ ಮಾಸ್ತರರು ಮುಂದಿನ ಸ್ಟೇಷನ್ನಿಗೆ ಗಂಟೆ ಬಾರಿಸಿ ಕೇಳಬೇಕು: ಗಾಡಿ ಕಳಿಸಲೇ, ತಗೋತೀರಾ? ಅವರು ಒಪ್ಪಿದರೆ ಮಾತ್ರ ಇಲ್ಲಿಂದ ಗಾಡಿ ಬಿಡಬೇಕು. ಬಾಯಿಮಾತು ಸಾಲದೆಂದು ದೇಶದ ಒಂಟಿ ಮಾರ್ಗಗಳಲ್ಲಿ ನೀಲ್ ಎಂಬಾತನ ಹೆಸರಿನ ಟೋಕನ್ ಯಂತ್ರ ಇಟ್ಟಿದ್ದರು. ಎರಡು ಸ್ಟೇಷನ್ನಿನ ಯಂತ್ರಗಳಿಗೆ ತಂತಿ ಸಂಬಂಧ. ಆ ಕಡೆಯವರು ಒಪ್ಪಿದಾಗ ಮಾತ್ರ ಈ ಕಡೆ ಒಂದು ಲೋಹದ ಗುಂಡು ಹೊರಬರುತ್ತದೆ. ಆ ಗುಂಡು ಹೊರಗಿರುವವರೆಗೆ ಇನ್ನೊಂದು ಗುಂಡು ಎರಡೂ ಕಡೆ ಬರುವುದಿಲ್ಲ. ಗುಂಡನ್ನು ಚರ್ಮದ ಚೀಲದಲ್ಲಿ ಹಾಕಿ, ಬೆತ್ತದ ಬಳೆಗೆ ಕಟ್ಟಿ ಡ್ರೈವರ್ ಕೈಗೆ ಕೊಡುತ್ತಿದ್ದರು. ಓಡುವ ಗಾಡಿಗೆ ಆ ಬಳೆ ಎತ್ತಿ ಕೊಡುವುದನ್ನು ನೋಡಿದ ಹಿರಿಯರು ಇನ್ನೂ ಇದ್ದಾರೆ, ಕೇಳಿ ನೋಡಿ.

ಇದಕ್ಕೂ ಮೊದಲು ರೈಲುಗಳು ಹೇಗೆ ಓಡುತ್ತಿದ್ದವು? ಅಂದಾಜಿನ ಮೇಲೆ. ಮುಂದಿನ ಗಾಡಿ ಹೋಗಿ ಇಂತಿಷ್ಟು ನಿಮಿಷ ಆಯಿತು, ದಾಟಿರಬೇಕು, ಇನ್ನು ಈ ಗಾಡಿ ಬಿಡು. ಐರ್ಲೆಂಡಿನ ಅರ್ಮಾ ಎಂಬ ಊರಿನ ಹತ್ತಿರ 1889ರ ಜೂನ್ 12ರಂದು ಮಕ್ಕಳನ್ನು ಪ್ರವಾಸಕ್ಕೆ ಒಯ್ಯುತ್ತಿದ್ದ ಗಾಡಿ ಏರು ಹತ್ತಲಾರದೆ ನಿಂತಿತು. ಹಿಂದಿನ ಡಬ್ಬಿಗಳನ್ನು ಬಿಡಿಸಿ ಮುಂದಿನವನ್ನಷ್ಟೇ ಒಯ್ಯುತ್ತೇವೆ ಎಂದು ಹೊರಟರು. ಬಿಡಿಸಿದ ಡಬ್ಬಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿದವು. ಅಷ್ಟರಲ್ಲಿ ‘ಇಷ್ಟು ನಿಮಿಷ ಆಯಿತು’ ಎಂದು ಬಿಟ್ಟ ಗಾಡಿ ಎದುರಿಗೆ ಬರುತ್ತಿತ್ತು. ಸುಮಾರು 80 ಜನ ಸತ್ತರು, ಬಹಳ ಮಂದಿ ಮಕ್ಕಳು. ಅದೇ ವರ್ಷ ಬ್ರಿಟಿಷ್ ಸಂಸತ್ತು ಕಾನೂನು ಮಾಡಿತು. ಪ್ರಯಾಣಿಕರ ಮಾರ್ಗದಲ್ಲಿ ಅಂದಾಜಿನಿಂದ ಗಾಡಿ ಬಿಡುವಂತಿಲ್ಲ, ಕೇಳಿಯೇ ಬಿಡಬೇಕು.

ಇಲ್ಲಿಂದ ಮುಂದಿನ ಕತೆಯೆಲ್ಲ ಈ ಅಂದಾಜು ಮತ್ತು ಕೇಳುವುದರ ನಡುವಿನದು.

ಎರಡನೆಯ ಹೆಜ್ಜೆ ಟೆಲಿಫೋನು. ಲ್ಯಾಂಡ್‌ಲೈನ್ ರಿಸೀವರ್ ಎತ್ತಿದರೆ ಕಿವಿಗೆ ಕುರ್‌ರ್ ಎಂಬ ಸದ್ದು ಬರುತ್ತಿತ್ತಲ್ಲ, ಡಯಲ್ ಟೋನ್, ಅದನ್ನು ನಾವು ಫೋನಿನ ಸದ್ದು ಅಂದುಕೊಂಡಿದ್ದೆವು. ಅದು ಎಕ್ಸ್‌ಚೇಂಜ್ ಕೊಡುವ ಉತ್ತರ. ‘ನಾನಿದ್ದೇನೆ, ನನ್ನಲ್ಲಿ ಜಾಗ ಇದೆ, ಈಗ ನಂಬರ್ ಒತ್ತು’ ಎಂದು ಅದರ ಅರ್ಥ. ಹಳೆಯ ಕಾಲದಲ್ಲಿ ಈ ಮಾತನ್ನು ಆಪರೇಟರೇ ಬಾಯಿಂದ ಹೇಳುತ್ತಿದ್ದರು. ಆಪರೇಟರ್ ಇಲ್ಲದ ಎಕ್ಸ್‌ಚೇಂಜ್ ಬಂದ ಮೇಲೆ ಯಂತ್ರವೇ ಹೇಳಬೇಕಾಯಿತು. ಸಾರ್ವಜನಿಕ ಎಕ್ಸ್‌ಚೇಂಜಿನಲ್ಲಿ ಡಯಲ್ ಟೋನ್ ಮೊದಲು ಕೇಳಿಸಿದ್ದು 1908ರಲ್ಲಿ, ಜರ್ಮನಿಯ ಹಿಲ್ಡೆಸ್‌ಹೈಮ್ ಊರಲ್ಲಿ. ರಿಸೀವರ್ ಎತ್ತಿದಾಗ ಸದ್ದೇ ಇಲ್ಲದಿದ್ದರೆ ‘ಫೋನ್ ಡೆಡ್ ಐತಿ’ ಅನ್ನುತ್ತಿದ್ದೆವು. ಟುಂಯ್ ಟುಂಯ್ ಅಂದರೆ ಎಂಗೇಜ್. ‘ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ’ ಎಂಬ ಹೆಣ್ಣುದನಿ ಬಂದರೆ ನಮ್ಮೂರಿನ ಎಕ್ಸ್‌ಚೇಂಜ್ ಸರಿ ಇದೆ, ಮುಂದಿನ ದಾರಿ ತುಂಬಿದೆ ಎಂದರ್ಥ. ಮೂರೂ ಬೇರೆ ಬೇರೆ ಕಾಯಿಲೆ. ಓದು ಬರದ ಅಜ್ಜಿಗೂ ಈ ಮೂರು ಸದ್ದಿನ ವ್ಯತ್ಯಾಸ ಗೊತ್ತಿತ್ತು. ಈಗಿನ ‘ಸರ್ವರ್ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಆ ಮೂರೂ ಕಲಸಿ ಹೋಗಿವೆ.

ಈ ಕತೆಯಲ್ಲಿ ನಮ್ಮ ಜಿಲ್ಲೆಗೆ ಒಂದು ಹೆಮ್ಮೆಯ ಜಾಗ ಇದೆ. ಅದನ್ನು ಶಾಲೆಯ ಪುಸ್ತಕದಲ್ಲಿ ನಾನಂತೂ ಓದಲಿಲ್ಲ. 1984ರಲ್ಲಿ ಭಾರತ ಸರ್ಕಾರ ಸಿ-ಡಾಟ್ ಎಂಬ ಸಂಸ್ಥೆ ಹುಟ್ಟುಹಾಕಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದ ಹೆಸರು. ದಿಲ್ಲಿ ಮತ್ತು ಬೆಂಗಳೂರಿನಲ್ಲಿ ಕುಳಿತ ಯುವ ಎಂಜಿನಿಯರುಗಳಿಗೆ 36 ತಿಂಗಳು, 36 ಕೋಟಿ ರೂಪಾಯಿ ಕೊಟ್ಟು ದೇಶೀ ಎಕ್ಸ್‌ಚೇಂಜ್ ಮಾಡಿ ಅಂದರು. ಅವರು ಮಾಡಿದ್ದರಲ್ಲಿ ಒಂದು 128 ಪೋರ್ಟಿನ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್, ರ್‍ಯಾಕ್ಸ್ ಎಂದು ಕರೆಯುತ್ತಿದ್ದರು. ಅದರಲ್ಲಿ ಮೊದಲನೆಯದನ್ನು ಕೂರಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಹೌದು, ಚನ್ನಮ್ಮನ ಕಿತ್ತೂರಿನಲ್ಲೇ.

ಕಪಾಟಿನಷ್ಟು ಯಂತ್ರ ಅದು. ವಿದೇಶಿ ಎಕ್ಸ್‌ಚೇಂಜುಗಳಿಗೆ ಏರ್ ಕಂಡೀಷನ್ ಕೋಣೆ ಬೇಕಿತ್ತು. ಇದಕ್ಕೆ ಬೇಡ. ನಮ್ಮ ಬಿಸಿಲು, ಧೂಳು, ಹೋಗಿ ಬರುವ ಕರೆಂಟು ಇವೆಲ್ಲ ಇರುತ್ತವೆ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಯಂತ್ರ. ಹಳ್ಳಿಯಲ್ಲಿ ರಿಪೇರಿಗೆ ಎಂಜಿನಿಯರ್ ಕುಳಿತಿರುವುದಿಲ್ಲವಾದ್ದರಿಂದ ಮುಖ್ಯ ಕಾರ್ಡುಗಳನ್ನು ಜೋಡಿ ಜೋಡಿಯಾಗಿ ಇಟ್ಟಿದ್ದರು. ಒಂದು ಕೆಟ್ಟರೆ ಇನ್ನೊಂದು ಹೊರಬೇಕು. ಹಾಗೆ ಹೊರಬೇಕಾದರೆ ಮೊದಲನೆಯದು ಕೆಟ್ಟಿದೆ ಎಂದು ಯಂತ್ರಕ್ಕೇ ಗೊತ್ತಾಗಬೇಕಲ್ಲ. ಅಂದರೆ ತನ್ನ ನಾಡಿಯನ್ನು ತಾನೇ ಹಿಡಿದು ನೋಡಿಕೊಳ್ಳಬೇಕು. ಇವತ್ತು ಕ್ಲೌಡ್ ಕಂಪನಿಗಳು ದೊಡ್ಡದಾಗಿ ಹೇಳಿಕೊಳ್ಳುವ ವಿದ್ಯೆಯ ತಿರುಳು ಇದೇ. ಹಳ್ಳಿಗೆಂದು ಮಾಡಿದ ಯಂತ್ರ ‘ಇಲ್ಲಿ ಕೆಡುತ್ತದೆ’ ಎಂದು ಮೊದಲೇ ಎಣಿಸಿತ್ತು. ನಗರದಲ್ಲಿ ಕುಳಿತು ಈಗ ಬರೆಯುವ ಎಷ್ಟೋ ಪೋರ್ಟಲ್‌ಗಳು ಎಲ್ಲವೂ ಸರಿ ಇರುತ್ತದೆ ಎಂದೇ ಎಣಿಸುತ್ತವೆ. ಇದು ನನ್ನ ಅಭಿಪ್ರಾಯ, ಎಂಜಿನಿಯರ್ ಗೆಳೆಯರು ಜಗಳಕ್ಕೆ ಬರಬಹುದು.

ಒಂದು ಎಕ್ಸ್‌ಚೇಂಜಿಗೆ ಎಷ್ಟು ಲೈನ್ ಬೇಕು ಎಂಬ ಲೆಕ್ಕವೂ ಹಳೆಯದೇ. ಡೆನ್ಮಾರ್ಕಿನ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಮತ್ತು 1917ರಲ್ಲಿ ಅದನ್ನು ಬರೆದಿಟ್ಟ. ಎಲ್ಲರೂ ಒಂದೇ ಹೊತ್ತಿಗೆ ಫೋನ್ ಎತ್ತುವುದಿಲ್ಲ. ಎಷ್ಟು ಜನ ಎತ್ತಬಹುದು, ಅವರಲ್ಲಿ ಎಷ್ಟು ಜನರಿಗೆ ಇಲ್ಲ ಅನ್ನಬೇಕಾಗಬಹುದು ಎಂದು ಮೊದಲೇ ಲೆಕ್ಕ ಹಾಕಬಹುದು ಅಂದ. ನೂರು ವರ್ಷದ ಹಿಂದಿನ ಲೆಕ್ಕ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕಂಪ್ಯೂಟರಿಗೆ ಬರೋಣ. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಒಂದು ಪ್ರಯೋಗಾಲಯದಲ್ಲಿದ್ದ ಮೈಕ್ ಮ್ಯೂಸ್ ಎಂಬಾತ, ನೆಟ್‌ವರ್ಕ್ ಯಾಕೋ ಸರಿಯಿಲ್ಲವೆಂದು ಒಂದು ಸಂಜೆ ಕುಳಿತು ಪುಟ್ಟ ಪ್ರೋಗ್ರಾಮ್ ಬರೆದ. ಹೆಸರು ಪಿಂಗ್. ಜಲಾಂತರ್ಗಾಮಿಯಲ್ಲಿ ಸದ್ದು ಬಿಟ್ಟು ಅದರ ಪ್ರತಿಧ್ವನಿ ಕೇಳುತ್ತಾರಲ್ಲ, ಆ ಸದ್ದಿನ ಹೆಸರು. ಇದು ಮಾಡುವುದೂ ಅಷ್ಟೇ. ಆ ಕಡೆಯ ಕಂಪ್ಯೂಟರಿಗೆ ‘ಕೂ’ ಅನ್ನುತ್ತದೆ, ಅದು ‘ಓ’ ಅನ್ನಬೇಕು. ಎಷ್ಟು ಹೊತ್ತಿಗೆ ‘ಓ’ ಬಂತು ಎಂದು ಅಳೆಯುತ್ತದೆ. ಇವತ್ತಿಗೂ ಜಗತ್ತಿನ ಬಹುತೇಕ ಎಲ್ಲ ಕಂಪ್ಯೂಟರಿನಲ್ಲೂ ಇದೆ.

ಆದರೆ ರಾತ್ರಿ ನೀರು ಹಾಯಿಸಿದವರಿಗೆ ಇದರ ಕೊರತೆ ಬೇಗ ತಿಳಿಯುತ್ತದೆ. ರಾತ್ರಿ ತ್ರೀಫೇಸ್ ಬಂತು, ನೀವು ಮೋಟರ್ ಹತ್ತಿರ ಇದ್ದೀರಿ, ತಮ್ಮ ಕಬ್ಬಿನ ಆ ತುದಿಯಲ್ಲಿದ್ದಾನೆ. ‘ಕೂ’ ಅಂದಿರಿ, ‘ಓ’ ಅಂದ. ಅಂದರೆ ಎಚ್ಚರಿದ್ದಾನೆ. ಆದರೆ ಸಾಲಿಗೆ ಮಡೆ ಕಡಿದಿದ್ದಾನೋ? ಅದು ‘ಓ’ದಲ್ಲಿ ಗೊತ್ತಾಗುವುದಿಲ್ಲ. ಮಡೆ ಕಡಿಯದೆ ಮೋಟರ್ ಚಾಲೂ ಮಾಡಿದರೆ ನೀರು ಬದುವು ಒಡೆದುಕೊಂಡು ಪಕ್ಕದವರ ಹೊಲಕ್ಕೆ. ಜೀವ ಇರುವುದು ಬೇರೆ, ತಯಾರಿರುವುದು ಬೇರೆ. ಕಂಪ್ಯೂಟರಿನವರು ಈ ವ್ಯತ್ಯಾಸವನ್ನು ಕಲಿತದ್ದು ಬಹಳ ಪೆಟ್ಟು ತಿಂದ ಮೇಲೆ.

ನಮ್ಮ ಹಳ್ಳಿಗಳಿಗೆ ಸರ್ವರ್ ಎಂಬ ಶಬ್ದ ಬಂದದ್ದು ಭೂಮಿ ಯೋಜನೆಯಿಂದ. 2001ರ ಸುಮಾರಿಗೆ ರಾಜ್ಯದ 177 ತಾಲೂಕುಗಳಲ್ಲಿ ಕೈಬರಹದ ಪಹಣಿ ನಿಂತು ಕಂಪ್ಯೂಟರ್ ಪಹಣಿ ಬಂತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕುಳಿತು ಟೈಪ್ ಮಾಡಿದ್ದರು. ಒಂದು ಪಹಣಿಗೆ 15 ರೂಪಾಯಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಬೆನ್ನಿಗೆ ಬಿದ್ದವರು, ಸಾಫ್ಟ್‌ವೇರ್ ಎನ್‌ಐಸಿಯದು. ಆಗ ಸರ್ವರ್ ಇದ್ದದ್ದು ತಹಶೀಲ್ದಾರ್ ಕಚೇರಿಯಲ್ಲೇ. ಗೋಕಾಕದ ಪಹಣಿ ಗೋಕಾಕದ ಕೋಣೆಯಲ್ಲಿ, ಹುಕ್ಕೇರಿಯದು ಹುಕ್ಕೇರಿಯಲ್ಲಿ. ಕೆಟ್ಟರೆ ಒಂದು ತಾಲೂಕಿನ ಪಾಳಿ ನಿಲ್ಲುತ್ತಿತ್ತು. ಏನು ಕೆಟ್ಟಿದೆ ಎಂದು ಕೇಳಿದರೆ ‘ಜನರೇಟರಿಗೆ ಡೀಸೆಲ್ ಇಲ್ಲ’ ಎಂಬಂಥ ಉತ್ತರವಾದರೂ ಸಿಗುತ್ತಿತ್ತು. ಬಯ್ಯಲಿಕ್ಕೆ ಎದುರಿಗೆ ಒಂದು ಮುಖ ಇರುತ್ತಿತ್ತು.

ಮುಂದೆ ಹೋಬಳಿಗೆ ನೆಮ್ಮದಿ ಕೇಂದ್ರ ಬಂತು, ನಾಡಕಚೇರಿ ಬಂತು, 2022ರಿಂದ ಗ್ರಾಮ ಒನ್ ಬಂತು. ಕಿಟಕಿ ಊರಿಗೆ ಹತ್ತಿರ ಬಂದಷ್ಟೂ ಯಂತ್ರ ದೂರ ಹೋಯಿತು. ದಾಖಲೆಗಳು ಬೆಂಗಳೂರಿನ ಡೇಟಾ ಸೆಂಟರಿಗೆ ಸೇರಿದವು. 2014ರಲ್ಲಿ ಕೇಂದ್ರ ಸರ್ಕಾರವೂ ಮೇಘರಾಜ ಎಂಬ ಹೆಸರಲ್ಲಿ ತನ್ನದೇ ಕ್ಲೌಡ್ ತೆರೆಯಿತು. ಅಮೆಜಾನ್ ಕಂಪನಿ 2006ರಲ್ಲಿ ಗಂಟೆ ಲೆಕ್ಕದ ಬಾಡಿಗೆಗೆ ಕಂಪ್ಯೂಟರ್ ಕೊಡಲು ಶುರುಮಾಡಿದ್ದು, 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದಿಗೆ ಬಂದು ಕುಳಿತಿತು. ಇದರಿಂದ ಲಾಭ ಇಲ್ಲವೆಂದಲ್ಲ. ಮೇಲವಂಕಿಯ ರೈತ ಪಹಣಿಗೆ ಗೋಕಾಕಕ್ಕೆ ಹೋಗಿ ದಿನ ಕಳೆಯುವುದು ತಪ್ಪಿತು. ಆದರೆ ‘ಇಲ್ಲದ್ದು ಯಾವುದು’ ಎಂದು ಕೇಳಿದರೆ ಉತ್ತರಿಸುವವರು ಕಿಟಕಿಯ ಈ ಕಡೆ ಯಾರೂ ಉಳಿಯಲಿಲ್ಲ.

ಕ್ಲೌಡ್ ಅಂದರೆ ಒಂದು ಸರ್ವರ್ ಅಲ್ಲ, ಒಂದೇ ಕೆಲಸಕ್ಕೆ ನಿಂತ ಹತ್ತಾರು ಸರ್ವರ್. ಅವುಗಳ ಮುಂದೆ ಒಂದು ಯಂತ್ರ ನಿಂತು ಬಂದ ಅರ್ಜಿಗಳನ್ನು ಹಂಚುತ್ತದೆ. ಲೋಡ್ ಬ್ಯಾಲೆನ್ಸರ್ ಎಂದು ಹೆಸರು. ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ್ ಇದ್ದ ಹಾಗೆ. ಯಾರಿಗೆ ಎಷ್ಟು ಹೊರೆ ಎಂದು ಹೇಳುವವನು ಅವನು. ಜ್ವರ ಬಂದವನ ತಲೆಯ ಮೇಲೆ ಹೊರೆ ಇಡಬಾರದು, ಆದ್ದರಿಂದ ಅವನು ಮೇಲಿಂದ ಮೇಲೆ ಎಲ್ಲರನ್ನೂ ವಿಚಾರಿಸುತ್ತಿರಬೇಕು. ಇದಕ್ಕೆ ಹೆಲ್ತ್ ಚೆಕ್ ಅನ್ನುತ್ತಾರೆ.

ಗೂಗಲ್ 2014ರಲ್ಲಿ ಹೊರಬಿಟ್ಟ ಕುಬರ್ನೆಟಿಸ್ ಎಂಬ ವ್ಯವಸ್ಥೆ ಇದನ್ನು ಅಚ್ಚುಕಟ್ಟು ಮಾಡಿತು. ಗ್ರೀಕ್ ಭಾಷೆಯಲ್ಲಿ ಅದರರ್ಥ ಚುಕ್ಕಾಣಿ ಹಿಡಿದವನು, ನಮ್ಮ ಅಂಬಿಗ. ಅದು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತದೆ. ಮೊದಲನೆಯದು, ಜೀವ ಇದೆಯೇ? ಇಲ್ಲವೆಂದರೆ ಆ ಪ್ರೋಗ್ರಾಮನ್ನು ಕೊಂದು ಹೊಸದಾಗಿ ಎಬ್ಬಿಸುತ್ತದೆ. ಎರಡನೆಯದು, ಕೆಲಸಕ್ಕೆ ತಯಾರಿದೆಯೇ? ಇಲ್ಲವೆಂದರೆ ಕೊಲ್ಲುವುದಿಲ್ಲ, ತಯಾರಾಗುವವರೆಗೆ ಅದರ ಕಡೆ ಗಿರಾಕಿ ಕಳಿಸುವುದಿಲ್ಲ, ಅಷ್ಟೇ. ಬೇರೆ ಹೇಳದಿದ್ದರೆ 10 ಸೆಕೆಂಡಿಗೊಮ್ಮೆ ಕೇಳುತ್ತದೆ, ಉತ್ತರಕ್ಕೆ 1 ಸೆಕೆಂಡ್ ಕಾಯುತ್ತದೆ, ಸತತ 3 ಸಲ ತಪ್ಪಿದರೆ ಕೆಟ್ಟಿದೆ ಎಂದು ತೀರ್ಮಾನಿಸುತ್ತದೆ. 2019ರಲ್ಲಿ ಮೂರನೆಯ ಪ್ರಶ್ನೆಯೂ ಸೇರಿತು: ಇನ್ನೂ ಏಳುತ್ತಿದ್ದೀಯಾ? ಯಾಕೆಂದರೆ ಕೆಲವು ಪ್ರೋಗ್ರಾಮುಗಳು ನಿಧಾನಕ್ಕೆ ಏಳುತ್ತವೆ. ಪೂರ್ತಿ ಏಳುವ ಮೊದಲೇ ‘ಜೀವ ಇಲ್ಲ’ ಎಂದು ಕೊಲ್ಲುವುದು, ಮತ್ತೆ ಎಬ್ಬಿಸುವುದು, ಮತ್ತೆ ಕೊಲ್ಲುವುದು ನಡೆಯುತ್ತಿತ್ತು. ಆಗ ತಾನೇ ಈದ ಎಮ್ಮೆಯನ್ನು ಗಾಡಿಗೆ ಕಟ್ಟಬಾರದು ಎಂದು ಯಂತ್ರಕ್ಕೆ ಹೇಳಿಕೊಡಬೇಕಾಯಿತು.

ಹಾಗಾದರೆ ಇಷ್ಟೆಲ್ಲ ಇದ್ದೂ ಯಾಕೆ ನಿಲ್ಲುತ್ತದೆ? ಇಲ್ಲಿ ಕತೆ ಸ್ವಲ್ಪ ವಿಚಿತ್ರ. ಕೆಲವು ಸಲ ನಾಡಿ ಹಿಡಿಯುವವನೇ ರೋಗಿಯನ್ನು ಸಾಯಿಸುತ್ತಾನೆ.

2021ರ ಅಕ್ಟೋಬರ್ 4, ಸೋಮವಾರ ರಾತ್ರಿ 9 ಗಂಟೆ ದಾಟಿತ್ತು. ನಿಮಗೂ ನೆನಪಿರಬಹುದು, ವಾಟ್ಸ್‌ಆ್ಯಪ್ ನಿಂತು ಹೋಯಿತು. ನಾನು ಒಂದು ಫೋಟೊ ಕಳಿಸಬೇಕಿತ್ತು, ಮೊಬೈಲ್ ಆರಿಸಿ ಹಚ್ಚಿ, ಸಿಮ್ ತೆಗೆದು ಒರೆಸಿ ಹಾಕಿ, ಕೊನೆಗೆ ಜಾಗ ಬದಲಿಸಿ ಮಾಳಿಗೆ ಹತ್ತಿ ನಿಂತೆ. ಪಕ್ಕದ ಮನೆಯವರೂ ಮಾಳಿಗೆಯ ಮೇಲಿದ್ದರು. ಅಸಲಿಗೆ ಆಗಿದ್ದು ಇಷ್ಟು. ಫೇಸ್‌ಬುಕ್ ಕಂಪನಿಯವರು ರಿಪೇರಿಗೆಂದು ಕೊಟ್ಟ ಒಂದು ಆದೇಶದಿಂದ ಅವರ ಡೇಟಾ ಸೆಂಟರುಗಳ ನಡುವಿನ ಸ್ವಂತ ಹೆದ್ದಾರಿ ಕಡಿದುಹೋಯಿತು. ಹೊರಗಿನವರಿಗೆ ದಾರಿ ತೋರಿಸುವ ಅವರದೇ ಸರ್ವರ್‌ಗಳಿಗೆ ಒಂದು ನಿಯಮ ಕೊಟ್ಟಿದ್ದರು: ನಿನಗೆ ಡೇಟಾ ಸೆಂಟರ್ ಸಂಪರ್ಕ ಸಿಗದಿದ್ದರೆ ನೀನೇ ಆರೋಗ್ಯವಾಗಿಲ್ಲ ಎಂದು ತಿಳಿದು ನಿನ್ನ ಹೆಸರು ವಾಪಸ್ ತಗೋ. ಒಂದೆರಡು ಸರ್ವರ್ ಕೆಟ್ಟಾಗ ಒಳ್ಳೆಯ ನಿಯಮ. ಆದರೆ ಅವತ್ತು ಎಲ್ಲಕ್ಕೂ ಒಟ್ಟಿಗೆ ಸಂಪರ್ಕ ತಪ್ಪಿತು. ಎಲ್ಲವೂ ‘ನಾನು ಸರಿಯಿಲ್ಲ’ ಎಂದು ಒಟ್ಟಿಗೆ ಹೆಸರು ವಾಪಸ್ ತೆಗೆದುಕೊಂಡವು. ಸರ್ವರ್‌ಗಳು ಜೀವಂತ ಇದ್ದವು, ಅವುಗಳ ವಿಳಾಸ ಮಾತ್ರ ಇಂಟರ್‌ನೆಟ್ಟಿನಿಂದ ಅಳಿಸಿಹೋಯಿತು. ಸರಿಯಾಗಲು ಸುಮಾರು 6 ತಾಸು ಬೇಕಾಯಿತು. ನಾವು ಸಿಮ್ ಒರೆಸುತ್ತಿದ್ದೆವು.

2025ರ ಅಕ್ಟೋಬರ್ 20ರಂದು, ನಮ್ಮಲ್ಲಿ ದೀಪಾವಳಿ, ಅಮೆಜಾನ್ ಕ್ಲೌಡಿನ ಅಮೆರಿಕದ ಒಂದು ಕೇಂದ್ರ ಕೆಟ್ಟಾಗಲೂ ಇಂಥದ್ದೇ ಒಂದು ಎಡವಟ್ಟು ನಡೆಯಿತು. ಮೊದಲ ಕಾರಣ ಬೇರೆ, ವಿಳಾಸದ ಪುಸ್ತಕದಲ್ಲಿ ಒಂದು ನಮೂದು ಖಾಲಿಯಾಗಿತ್ತು. ಅದನ್ನು ಸರಿಪಡಿಸಿದ ಮೇಲೆ ಹೊಸ ಸರ್ವರ್‌ಗಳನ್ನು ಎಬ್ಬಿಸತೊಡಗಿದರು. ಅವುಗಳಿಗೆ ನೆಟ್‌ವರ್ಕಿನ ದಾರಿ ಇನ್ನೂ ಪೂರ್ತಿ ತಲುಪಿರಲಿಲ್ಲ, ಅಷ್ಟರಲ್ಲೇ ತಪಾಸಣೆ ಶುರುವಾಯಿತು. ಒಮ್ಮೆ ಪಾಸ್, ಒಮ್ಮೆ ಫೇಲ್, ಮತ್ತೆ ಪಾಸ್. ಫೇಲ್ ಆದಾಗ ಸಾಲಿನಿಂದ ಹೊರಗೆ, ಪಾಸ್ ಆದಾಗ ಒಳಗೆ. ಈ ಒಳಹೊರಗಿನ ಆಟದಿಂದಲೇ ತೊಂದರೆ ಇನ್ನಷ್ಟು ತಾಸು ಎಳೆಯಿತು. ಜಗತ್ತಿನ ಅತಿ ದೊಡ್ಡ ಕ್ಲೌಡ್ ಕಂಪನಿಗೂ ‘ಎದ್ದಿದೆ’ ಮತ್ತು ‘ತಯಾರಿದೆ’ ನಡುವಿನ ಗೆರೆ ತಪ್ಪಿತು.

ನಮ್ಮ ಕಡೆ ಆಗುವ ತೊಂದರೆ ಹೆಚ್ಚಾಗಿ ಈ ಜಾತಿಯದಲ್ಲ. ಎರ್ಲಾಂಗ್ ಹೇಳಿದ ಜಾತಿಯದು. 2021ರ ಏಪ್ರಿಲ್ 28ರ ಸಂಜೆ 4 ಗಂಟೆಗೆ 18 ವರ್ಷ ಮೇಲ್ಪಟ್ಟವರಿಗೆ ಕೋವಿಡ್ ಲಸಿಕೆಯ ನೋಂದಣಿ ತೆರೆದರು. ಇಡೀ ದೇಶಕ್ಕೆ ಒಂದೇ ಹೊತ್ತು. ಕೋವಿನ್ ಪೋರ್ಟಲ್ ಸ್ವಲ್ಪ ಹೊತ್ತು ತತ್ತರಿಸಿತು. ಒಂದು ಹಂತದಲ್ಲಿ ನಿಮಿಷಕ್ಕೆ 27 ಲಕ್ಷ ಕೋರಿಕೆ ಬಂದವೆಂದು ಸರ್ಕಾರವೇ ಹೇಳಿತು. ಅದೇ ದಿನ 1 ಕೋಟಿ 30 ಲಕ್ಷಕ್ಕೂ ಹೆಚ್ಚು ಜನ ನೋಂದಾಯಿಸಿದ್ದೂ ನಿಜ, ಅಂದರೆ ಸರ್ವರ್ ಸತ್ತಿರಲಿಲ್ಲ. ಅಗಸಿ ಬಾಗಿಲಿನಲ್ಲಿ ಜಾತ್ರೆಯ ಜನವೆಲ್ಲ ಒಮ್ಮೆಗೇ ನುಗ್ಗಿದ ಹಾಗೆ ಆಗಿತ್ತು. ಇನ್ನೊಂದು ಮಾತು. ಪುಟ ತೆರೆಯದಿದ್ದಾಗ ನಾವೆಲ್ಲ ರಿಫ್ರೆಶ್ ಒತ್ತುತ್ತೇವೆ. ಒಂದೊಂದು ಒತ್ತೂ ಒಂದೊಂದು ಹೊಸ ಅರ್ಜಿ. ಹತ್ತು ಸಲ ಒತ್ತಿದ ಒಬ್ಬ ಮನುಷ್ಯ ಸರ್ವರ್ ಕಣ್ಣಿಗೆ ಹತ್ತು ಜನ.

ಇದನ್ನು ತಿಳಿದು ಮಾಡಿದ ಒಂದು ಉದಾಹರಣೆಯೂ ನಮ್ಮಲ್ಲಿದೆ. 2023ರ ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಎಂದು ಎಸ್‌ಎಂಎಸ್ ಮೂಲಕ ತಿಳಿಸುವ ಕ್ರಮ ಇಟ್ಟಿದ್ದರು. ರಾಜ್ಯದಲ್ಲಿ ಕೋಟಿ ಮೀರಿದ ಹೆಣ್ಣುಮಕ್ಕಳು ಒಂದೇ ಬಾಗಿಲಿಗೆ ಬರುವುದನ್ನು ತಪ್ಪಿಸುವ ಲೆಕ್ಕ ಅದು. ನಮ್ಮೂರ ಕಟ್ಟೆಯ ಮೇಲೆ ಅದನ್ನು ಬೈದವರೇ ಹೆಚ್ಚು, ನಾನೂ ಬೈದಿದ್ದೆ. ಈಗ ಅನಿಸುತ್ತದೆ, ಲೈನ್ ಕ್ಲಿಯರ್ ಕೊಟ್ಟು ಗಾಡಿ ಬಿಡುವುದೆಂದರೆ ಅದೇ.

ಮತ್ತೆ 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಪೋರ್ಟಲ್ ದಿನಗಟ್ಟಲೆ ತೆವಳಿತು. ಉಪನೋಂದಣಾಧಿಕಾರಿ ಕಚೇರಿಗಳ ಮುಂದೆ ಜನ ಕಾದು ಹೋದರು. ಎಲ್ಲೆಡೆ ಅದೇ ಮಾತು, ಸರ್ವರ್ ಇಲ್ಲ. ಆಮೇಲೆ ಸರ್ಕಾರ ಹೇಳಿದ್ದು, ಅದು ದಾಳಿ, ಸುಳ್ಳು ಕೋರಿಕೆಗಳನ್ನು ಸುರಿದು ದಾರಿ ಕಟ್ಟಿದ್ದಾರೆ ಎಂದು. ಪೊಲೀಸ್ ದೂರೂ ಆಯಿತು. ಸರ್ವರ್ ಇತ್ತು, ತಯಾರೂ ಇತ್ತು, ಪಾಳಿಯಲ್ಲಿ ಮಾತ್ರ ಬೆದರುಬೊಂಬೆಗಳು ನಿಂತಿದ್ದವು. ಕಾಯಿಲೆ ಬೇರೆ, ಹೆಸರು ಅದೇ.

ಆ ದಿನ ಸೇವಾ ಕೇಂದ್ರದಲ್ಲಿ ಏನಾಗಿತ್ತು? ಹುಡುಗನ ಪಕ್ಕ ಕುಳಿತು ನೋಡಿದೆ. ಯೂಟ್ಯೂಬ್ ತೆರೆಯಿತು, ಅಂದರೆ ಇಂಟರ್‌ನೆಟ್ ಇದೆ. ಪೋರ್ಟಲಿನ ಮೊದಲ ಪುಟ ತೆರೆಯಿತು, ಲಾಗಿನ್ ಆಯಿತು, ಅಂದರೆ ಮುಂಬಾಗಿಲಿನ ಸರ್ವರ್ ಜೀವಂತ. ಹೆಸರು, ಊರು, ಸರ್ವೆ ನಂಬರ್ ತುಂಬಿದ. ಆ ತಾಯಿ ಹೆಬ್ಬೆರಳು ಒತ್ತಿದರು. ಚಕ್ರ ತಿರುಗಿತು, ತಿರುಗಿತು, ಕೊನೆಗೆ ‘ಟೈಮ್ ಔಟ್’ ಎಂದು ಬಂತು.

ಆ ಹೆಬ್ಬೆರಳಿನ ಪ್ರಯಾಣ ಸಣ್ಣದಲ್ಲ. ಊರಿನ ಯಂತ್ರದಿಂದ ಇಲಾಖೆಯ ಸರ್ವರಿಗೆ, ಅಲ್ಲಿಂದ ಮಧ್ಯದ ಒಂದು ಅಧಿಕೃತ ಸಂಸ್ಥೆಯ ದಾರಿ ಹಿಡಿದು ಆಧಾರ್ ಭಂಡಾರಕ್ಕೆ. ಅದರ ಡೇಟಾ ಸೆಂಟರುಗಳು ಬೆಂಗಳೂರಿನಲ್ಲಿ ಮತ್ತು ಹರಿಯಾಣದ ಮಾನೇಸರದಲ್ಲಿವೆ. ಅಲ್ಲಿಂದ ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರ ಅದೇ ದಾರಿಯಲ್ಲಿ ವಾಪಸ್. ಈ ಸರಪಳಿಯ ಯಾವ ಕೊಂಡಿ ಜಾರಿದರೂ ಕಿಟಕಿಯಲ್ಲಿ ಕಾಣುವುದು ಒಂದೇ ಚಕ್ರ. ಮೊದಲ ಪುಟದ ಸರ್ವರನ್ನು ಕೇಳಿದರೆ ‘ನಾನು ತಯಾರು’ ಎಂದೇ ಹೇಳುತ್ತದೆ, ಸುಳ್ಳಲ್ಲ. ಅದರ ಬೆನ್ನ ಹಿಂದಿನದನ್ನು ಕೇಳಿದ್ದಾರೋ ಇಲ್ಲವೋ ಎಂಬುದೇ ಪ್ರಶ್ನೆ. ಮುಂದಿನ ಸ್ಟೇಷನ್ ಲೈನ್ ಕ್ಲಿಯರ್ ಕೊಟ್ಟಿತು, ಅದರ ಆಚೆಯ ಸೇತುವೆ ಬಿದ್ದಿತ್ತು.

ಪರದೆಯ ಮೇಲೆ ಬರುವ ಮಾತನ್ನು ಈಗ ನಾನು ಬರೆದುಕೊಳ್ಳುತ್ತೇನೆ, ನೀವೂ ಫೋಟೊ ತೆಗೆದಿಟ್ಟುಕೊಳ್ಳಿ. 503 ಎಂದು ಬಂದರೆ ‘ಇದ್ದೇನೆ, ಆದರೆ ಈಗ ಕೆಲಸ ತಗೊಳ್ಳಲಾರೆ’ ಎಂದು ಸರ್ವರೇ ಹೇಳಿದ ಹಾಗೆ, ಹಳೆಯ ‘ಎಲ್ಲ ಲೈನುಗಳೂ ಕಾರ್ಯನಿರತ’. ಟೈಮ್ ಔಟ್ ಎಂದರೆ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಬೆರಳಚ್ಚು ಹೊಂದಲಿಲ್ಲ ಎಂದು ಬಂದರೆ ಅದು ಸರ್ವರ್ ದೋಷವೇ ಅಲ್ಲ, ಸರ್ವರ್ ಚೆನ್ನಾಗಿ ಕೆಲಸ ಮಾಡಿಯೇ ‘ಅಲ್ಲ’ ಎಂದಿದೆ. ಕೂಲಿ ಮಾಡಿ ಸವೆದ ಬೆರಳಿಗೆ ಈ ಉತ್ತರ ಹೆಚ್ಚು ಬರುತ್ತದೆ. ಆಗ ‘ನಾಳಿ ಬರ್ರಿ’ ಅಂದರೆ ಉಪಯೋಗವಿಲ್ಲ, ಒಟಿಪಿ ಅಥವಾ ಕಣ್ಣಿನ ಗುರುತಿನ ದಾರಿ ಇದೆಯೇ ಎಂದು ಕೇಳಬೇಕು.

ನನ್ನನ್ನು ಕಾಡುವುದು ಕೊನೇ ದಿನಾಂಕದ ವಿಷಯ. ಸರ್ವರ್ ನಿಂತ ಹೊತ್ತು ಎಲ್ಲೂ ದಾಖಲಾಗುವುದಿಲ್ಲ ಎಂದು ನಾವು ತಿಳಿದಿದ್ದೇವೆ. ತಪ್ಪು. ಹೆಲ್ತ್ ಚೆಕ್ ಇರುವ ಕಡೆ ಅದರ ಲೆಕ್ಕವೂ ಬರೆದಿಡಲು ಬರುತ್ತದೆ, ಎಷ್ಟು ಗಂಟೆ ಎಷ್ಟು ಸೆಕೆಂಡಿಗೆ ಯಾವುದು ‘ಓ’ ಅನ್ನಲಿಲ್ಲ ಎಂಬವರೆಗೆ. ಅರ್ಜಿ ತಡವಾಯಿತು ಎಂದು ಆ ತಾಯಿಯನ್ನು ತಿರುಗಿಸಿ ಕಳಿಸುವ ಮೊದಲು ಅದನ್ನು ತೆರೆದು ನೋಡಬಹುದು. ಸರ್ವರ್ ಎಷ್ಟು ತಾಸು ನಿಂತಿತೋ ಅಷ್ಟು ತಾಸು ಕೊನೇ ದಿನವನ್ನು ಮುಂದೂಡಬಹುದು. ಈಗ ಮುಂದೂಡುವುದು ಶಾಸಕರಿಗೆ ಮನವಿ ಕೊಟ್ಟಾಗ, ಅಥವಾ ನಾವು ‘ಪರದಾಟ’ ಎಂದು ಬರೆದಾಗ.

ಆ ತಾಯಿ ಮರುದಿನ ನಸುಕಿನ 6 ಗಂಟೆಗೇ ಬಂದು ಕೇಂದ್ರದ ಕಟ್ಟೆಯ ಮೇಲೆ ಕುಳಿತಿದ್ದರಂತೆ. ಹುಡುಗ ಕಣ್ಣುಜ್ಜುತ್ತ ಬಂದು ಬಾಗಿಲು ತೆರೆದ. ಐದು ನಿಮಿಷದಲ್ಲಿ ಅರ್ಜಿ ಹೋಯಿತು, ರಸೀದಿ ಬಂತು. ಎರಡು ದಿನದ ಕೂಲಿ ಹೋಗಿತ್ತು.

ನಾನು ಮಾಹಿತಿ ಹಕ್ಕಿನ ಅರ್ಜಿ ಬರೆದಿಟ್ಟಿದ್ದೇನೆ, ಈ ವಾರ ಹಾಕುತ್ತೇನೆ. ಆ ಎರಡು ದಿನ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಆ ಪೋರ್ಟಲಿನ ಯಾವ ಸರ್ವರ್, ಎಷ್ಟು ನಿಮಿಷ, ಕೆಲಸಕ್ಕೆ ತಯಾರಿರಲಿಲ್ಲ? ಆ ಲೆಕ್ಕದ ಪ್ರತಿ ಕೊಡಿ. ಉತ್ತರಕ್ಕೆ ಕಾನೂನಿನಲ್ಲಿ 30 ದಿನ ಇದೆ. ಬಂದರೆ ಇಲ್ಲೇ ಹಾಕುತ್ತೇನೆ.